ಕ್ಲಚ್ ಕೆಲಸಕ್ಕೆ ದೀಪ ಹಿಡಿದವಳು

ಭಾನುವಾರ, ಮಧ್ಯಾಹ್ನ

ಮೇಸ್ತ್ರಿಗಳಿಗೆ,

ನಿಮ್ಮ ಲಾಟೀನು ಮಾಡುವ ನಮಸ್ಕಾರಗಳು. ನೀವು ಕಾರಿನ ಕೆಳಗೆ ಮಲಗಿ, ನಾನು ಪಕ್ಕದಲ್ಲಿ ದೀಪ ಹಿಡಿದು ಕೂರುತ್ತಿದ್ದ ಕಾಲದಲ್ಲಿ ಹೆಂಡತಿಗೆ ನೀವೇ ಇಟ್ಟ ಹೆಸರಿದು. ನೀವು ಮನೆ ಬಿಟ್ಟು ಹೋದಮೇಲೆ ಹಾಗೆ ಕರೆಯುವವರು ಯಾರೂ ಇರಲಿಲ್ಲ. ಮೊನ್ನೆ ಬಂದವರು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ, ಲಾಟೀನು ಎಲ್ಲಿ ಹೋಯ್ತು, ಇಲ್ಲಿ ಏನೂ ಕಾಣ್ತಿಲ್ಲ ಅಂದಾಗ ಅಡುಗೆಮನೆಯಲ್ಲಿ ನನ್ನ ಕೈಯಿಂದ ಲೋಟ ಜಾರಿತು. ಏನದು ಸದ್ದು ಅಂತ ಕೇಳಿದಿರಿ. ಬೆಕ್ಕು ಅಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಕಾರು ಚೆನ್ನಾಗಿದೆ. ನಿನ್ನೆ ನರ್ಸುಗಳಿಗೆ ಹೊಲಿದ ಸಮವಸ್ತ್ರದ ಗಂಟುಗಳನ್ನು ತುಂಬಿಕೊಂಡು ಆಸ್ಪತ್ರೆಯ ಏರು ಹತ್ತಿದೆ, ಒಂದೇ ಉಸಿರಿಗೆ ಹತ್ತಿಬಿಟ್ಟಿತು. ಹೋದ ತಿಂಗಳು ಅದೇ ಏರಿನಲ್ಲಿ ಎಂಜಿನ್ ಗಂಟಲು ಹರಿದುಕೊಂಡು ಕೂಗುತ್ತಿತ್ತು, ಚಕ್ರಗಳು ಮಾತ್ರ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ತೆವಳುತ್ತಿದ್ದವು. ಸುಟ್ಟ ವಾಸನೆ ಬೇರೆ. ಹಿಂದಿದ್ದ ಲಾರಿಯವನು ಇಳಿದು ಬಂದು, ತಳ್ಳಬೇಕೇನಮ್ಮಾ ಅಂತ ಕೇಳಿದ. ಮೂಲೆಯ ಗ್ಯಾರೇಜಿನವರಂತೂ ಕ್ಲಚ್ ಮುಗಿದಿದೆ, ಈ ಹಳೇ ಗಾಡಿಗೆ ಇನ್ಯಾಕೆ ಉಪಚಾರ, ಗುಜರಿಗೆ ಹಾಕ್ಬಿಡಿ ಅಂದರು. ಆಗಲೇ ನಿಮಗೆ ಒಂದು ಸಾಲು ಬರೆದದ್ದು, ಕ್ಲಚ್ ಜಾರುತ್ತಿದೆ, ಕಾರು ಮಾರಿಬಿಡಲೇ ಎಂದು. ಉತ್ತರ ಬರಲಿಲ್ಲ. ಹೊಸ ಕ್ಲಚ್ಚಿನ ಡಬ್ಬ ಕಂಕುಳಲ್ಲಿಟ್ಟುಕೊಂಡು ನೀವೇ ಬಂದಿರಿ. ಬಾಗಿಲಲ್ಲಿ ನಿಂತೇ, ಸಂಜೆ ಬಸ್ಸಿಗೆ ಹೊರಡ್ತೀನಿ ಅಂದಿರಿ. ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಅವತ್ತು ಸಂಜೆಯವರೆಗೆ ನಾವಿಬ್ಬರೂ ಆಡಿದ್ದು ಸ್ಪ್ಯಾನರುಗಳ ಮಾತು ಮಾತ್ರ. ನೀವು ಕೈ ಚಾಚುತ್ತಿದ್ದಿರಿ, ನಾನು ಕೊಡುತ್ತಿದ್ದೆ. ಗೇರ್‌ಬಾಕ್ಸ್ ಇಳಿಸಿ ಹಳೆಯ ಟೈರಿನ ಮೇಲೆ ಕೂರಿಸಿದಿರಿ. ಸವೆದ ಕ್ಲಚ್ ಪ್ಲೇಟನ್ನು ಹೊರಗೆ ತೆಗೆದು ನನ್ನ ಕೈಗಿಟ್ಟಿರಿ. ಮೇಲಿನ ಪದರವೆಲ್ಲ ಹೋಗಿ ರಿವೆಟ್ಟುಗಳ ತಲೆಗಳು ಹೊಳೆಯುತ್ತಿದ್ದವು. ಇಷ್ಟು ಸವೆದಿದೆಯಲ್ಲ, ಕ್ಲಚ್ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯಾ ಅಂತ ಕೇಳಿದಿರಿ. ಹೌದು ಅಂದೆ. ಯಾಕೆ ಅನ್ನುವುದನ್ನು ಈಗ ಹೇಳುತ್ತೇನೆ. ಪಕ್ಕದ ಸೀಟಿನಲ್ಲಿ ನೀವಿದ್ದಾಗ ನನಗೆ ಯಾವ ಭಯವೂ ಇರಲಿಲ್ಲ. ಒಬ್ಬಳೇ ಆದಮೇಲೆ ಎಲ್ಲಿ, ಯಾವಾಗ ನಿಲ್ಲಿಸಬೇಕಾಗುತ್ತದೋ ಎಂದು ಎಡಗಾಲು ಅಲ್ಲಿಂದ ಏಳುತ್ತಲೇ ಇರಲಿಲ್ಲ.

ಹೊಸ ಪ್ಲೇಟು ನಟ್ಟನಡುವೆ ಕೂರಬೇಕಲ್ಲ, ಅದಕ್ಕೆ ನೀವು ಪೊರಕೆಯ ಹಿಡಿ ಕೊಯ್ದುಕೊಂಡಿರಿ. ತೂತಿಗೆ ಬಿಗಿಯಾಗುವಂತೆ ಅದಕ್ಕೆ ಟೇಪು ಸುತ್ತಿದವಳು ನಾನು. ದರ್ಜಿಯ ಕೈ ದರ್ಜಿಯ ಕೈಯೇ ಅಂದಿರಿ. ಇಡೀ ಹಗಲಿನಲ್ಲಿ ನೀವಾಡಿದ ಒಳ್ಳೆಯ ಮಾತು ಅದೊಂದೇ, ಅದನ್ನೇ ಹಿಡಿದುಕೊಂಡು ಕೂತಿದ್ದೆ.

ಎಲ್ಲ ಜೋಡಿಸಿ ಎಂಜಿನ್ ಚಾಲು ಮಾಡಿದರೆ ಗೇರು ಬೀಳಲಿಲ್ಲ. ಪೆಡಲ್ ಎಷ್ಟು ಒತ್ತಿದರೂ ಕರಕರ ಅಂದಿತೇ ಹೊರತು ಒಪ್ಪಲಿಲ್ಲ. ನೀವು ಮತ್ತೆ ಕಾರಿನ ಕೆಳಗೆ ತೂರಿ ನೋಡಿದಿರಿ. ಆಮೇಲೆ, ಪ್ಲೇಟು ಹಿಂದುಮುಂದಾಗಿ ಕೂತಿದೆ ಕಣೇ, ಮತ್ತೆ ಎಲ್ಲಾ ಬಿಚ್ಚಬೇಕು ಅಂದಿರಿ. ಅಷ್ಟರಲ್ಲಿ ಬಸ್ಸು ಹೋಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗಲೇ ನೀವು ಬಾಯಿಬಿಟ್ಟದ್ದು. ಬಸ್ ಡಿಪೋದ ಕೆಲಸದಿಂದ ನಿವೃತ್ತರಾದಮೇಲೆ ಬೆಳಿಗ್ಗೆ ಎದ್ದರೆ ನಿಮಗೆ ಹೋಗಲು ಜಾಗವಿಲ್ಲ, ನನಗೆ ನೋಡಿದರೆ ತಲೆಯೆತ್ತಲು ಪುರುಸೊತ್ತಿಲ್ಲ. ಮನೇಲಿ ನಾನೊಂದು ಹೆಚ್ಚಿನ ಕುರ್ಚಿ ಇದ್ದಂಗೆ ಇದ್ದೆ ಅಂದಿರಿ. ಅದಕ್ಕೇ ದೂರದ ಊರಿನ ವರ್ಕ್‌ಶಾಪಿನ ಕೆಲಸ ಒಪ್ಪಿಕೊಂಡದ್ದಂತೆ. ನೀವು ಹೋದದ್ದಕ್ಕಲ್ಲ, ನನ್ನನ್ನು ಒಂದು ಮಾತು ಕೇಳದೆ ಹೋದದ್ದಕ್ಕೆ ನನಗೆ ನೋವಾದದ್ದು ಎಂದು ನಾನೂ ಹೇಳಿದೆ. ಪಕ್ಕದ ಮನೆಯಾಕೆಯ ಬಾಯಿಂದ ನನ್ನ ಗಂಡನ ಸುದ್ದಿ ಕೇಳಬೇಕಾಯಿತು. ನೀವು ತಲೆ ತಗ್ಗಿಸಿದಿರಿ. ನಿಮ್ಮ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ, ನೀವು ಬೇಡ ಅನ್ನಲಿಲ್ಲ.

ಮರುದಿನ ಎಲ್ಲ ಸರಿಯಾಗಿ ಕೂತಿತು. ನೀವು ಕ್ಲಚ್ ಪೆಡಲಿನ ಕೇಬಲ್ಲಿನ ನಟ್ಟು ತಿರುಗಿಸುತ್ತಾ, ಈಗ ಒತ್ತು, ಈಗ ಬಿಡು, ಹೆಂಗಿದೆ ಅಂತ ಕೇಳುತ್ತಿದ್ದಿರಿ. ಪೆಡಲ್ ಒತ್ತುವಾಗ ಮೊದಲ ಎರಡು ಬೆರಳಿನಷ್ಟು ಸಡಿಲ ಬಿಟ್ಟಿರಿ. ಇಷ್ಟು ವರ್ಷ ಆ ಪೆಡಲ್ ನಿಮ್ಮ ಉದ್ದ ಕಾಲಿಗೆ ಹೊಂದಿಕೊಂಡಿತ್ತು, ನಾನು ಸೀಟಿನ ತುದಿಗೆ ಜಾರಿ ಒತ್ತುತ್ತಿದ್ದೆ. ಈಗ ಸೀಟನ್ನು ಮುಂದಕ್ಕೆ ಸರಿಸಿ, ಕೆಳಗೊಂದು ದಿಂಬು ಕೊಟ್ಟು, ಎಲ್ಲವನ್ನೂ ನನ್ನ ಅಳತೆಗೆ ಮಾಡಿದಿರಿ. ನನಗೆ ಖುಷಿಯಾಗಬೇಕಿತ್ತು. ಆದರೆ ಇವರು ಇನ್ನು ಈ ಕಾರು ಓಡಿಸುವುದಿಲ್ಲ, ಅದಕ್ಕೇ ಹೀಗೆ ಮಾಡಿಕೊಡುತ್ತಿದ್ದಾರೆ ಅನ್ನಿಸಿತು. ಗೇಟಿನ ಹತ್ತಿರ ನಿಂತಾಗ, ಇಲ್ಲೇ ಇದ್ದುಬಿಡಿ ಎನ್ನಲು ಬಾಯಿ ಬರಲಿಲ್ಲ. ನೀವೂ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಲೇ ನಿಂತಿರಿ. ಬಸ್ಸಿನ ಸದ್ದು ಕೇಳಿದಮೇಲೇ ಹೆಜ್ಜೆ ಎತ್ತಿದ್ದು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಮನೆಗೆ ಬನ್ನಿ. ಶೆಡ್ಡಿನ ಅರ್ಧ ಭಾಗದಲ್ಲಿದ್ದ ಬಟ್ಟೆಯ ಗಂಟುಗಳನ್ನು ಒಳಗಿನ ಕೋಣೆಗೆ ಸಾಗಿಸಿದ್ದೇನೆ. ಅಲ್ಲಿ ನಿಮ್ಮ ಬೆಂಚು ಹಾಕಿಕೊಳ್ಳಬಹುದು. ಈ ರಸ್ತೆಯಲ್ಲಿ ಕೆಮ್ಮುವ ಗಾಡಿಗಳಿಗೇನೂ ಬರವಿಲ್ಲ. ಹೊಸ ಪ್ಲೇಟು ಒಗ್ಗಿಕೊಂಡಮೇಲೆ ಕೇಬಲ್ಲನ್ನು ಇನ್ನೊಮ್ಮೆ ನೋಡಬೇಕು, ಯಾವ ಗ್ಯಾರೇಜಿನವರಾದರೂ ಮಾಡಿಕೊಡ್ತಾರೆ ಅಂದಿದ್ದಿರಿ. ನಾನು ಯಾವ ಗ್ಯಾರೇಜಿಗೂ ಕೊಡುವುದಿಲ್ಲ. ಸೀಟು ಹಿಂದಕ್ಕೂ ಸರಿಯುತ್ತದೆ, ಎಣ್ಣೆ ಬಿಟ್ಟು ನೋಡಿದ್ದೇನೆ.

ಇನ್ನೂ ದೀಪ ಹಿಡಿದು ಕೂತಿರುವ,
ನಿಮ್ಮ ಲಾಟೀನು

ವಿ.ಸೂ.: ಪ್ಲೇಟು ಹಿಂದುಮುಂದಾಗಿ ಕೂರುತ್ತಿದ್ದದ್ದನ್ನು ನಾನು ಆಗಲೇ ನೋಡಿದ್ದೆ. ಸ್ಪ್ರಿಂಗುಗಳು ಉಬ್ಬಿರುವ ಮೈ ಗೇರ್‌ಬಾಕ್ಸಿನ ಕಡೆಗಿರಬೇಕು ಎಂದು ಮದುವೆಯಾದ ಹೊಸದರಲ್ಲೇ ನೀವು ತೋರಿಸಿಕೊಟ್ಟಿದ್ದಿರಿ. ದಿನವಿಡೀ ಬಟ್ಟೆಯ ಒಳಮೈ ಹೊರಮೈ ನೋಡುವವಳಿಗೆ ಅಷ್ಟು ಕಾಣದೆ ಇರುತ್ತದೆಯೇ? ಹೇಳಿದರೆ ಸಂಜೆಯ ಬಸ್ಸು ಸಿಕ್ಕಿಬಿಡುತ್ತದೆ ಎಂದು ದೀಪವನ್ನು ಸ್ವಲ್ಪ ಆಚೆ ಹಿಡಿದೆ. ಆದರೆ ನೀವು ಹೋದಾಗಿನಿಂದ ನನಗೊಂದು ಅನುಮಾನ ಕಾಡುತ್ತಿದೆ. ಜೀವಮಾನವೆಲ್ಲ ಬಸ್ಸುಗಳಿಗೆ ಕ್ಲಚ್ ಹಾಕಿದ ಕೈ ಅದು, ಕಣ್ಣುಮುಚ್ಚಿ ಹಾಕಿದರೂ ತಪ್ಪುವುದಿಲ್ಲ. ದೀಪ ಯಾಕೆ ಆಚೆ ಹೋಯಿತು ಅಂತ ಗದರಲೂ ಇಲ್ಲ ನೀವು. ಇದಕ್ಕೆ ಪತ್ರದಲ್ಲಿ ಉತ್ತರ ಬೇಡ, ಬಂದು ಹೇಳಿ.