ರಬಾಬಕ್ಕೆ ತಂದ ಬಾಲದ ಕೂದಲು

ಶೈಮಾ ಅಕ್ಕನಿಗೆ ತಮ್ಮ ಹಾಯಿಲ್‌ನ ಸಲಾಮು.

ನಿನ್ನೆ ಕೆಟ್ಟ ಕನಸು ಬಿತ್ತು. ತಂಗಿಯ ಮದುವೆಯಲ್ಲಿ ನಾನು ರಬಾಬ ನುಡಿಸಲು ಕೂತರೆ ಅದಕ್ಕಿರುವ ಒಂದೇ ತಂತಿಯೂ ತುಂಡಾಯಿತು. ಬೀಗರೆಲ್ಲ ಕಾಫಿ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ಅಪ್ಪ ಹೋದ ಮೇಲೆ ನಮ್ಮ ಮನೆಯ ಮೊದಲ ಮದುವೆ, ಅವರ ರಬಾಬ ನಗೆಪಾಟಲಾಗಬಾರದು.

ಈ ಅಕಬಾ ಬಂದರಿನಲ್ಲಿ ರಬಾಬ ರಿಪೇರಿ ಮಾಡುವ ಅಬು ಸತ್ತಾಮ್ ಅಸಲಿಗೆ ಕ್ಷೌರಿಕ. ಅಜ್ಜ ಮಾಡಿದ ಚೌಕಟ್ಟು ಗಟ್ಟಿಯಿದೆಯಂತೆ. ಅದಕ್ಕೆ ಆಡಿನ ಹೊಸ ಚರ್ಮ ಬಿಗಿದು ಹೊಲಿದಿದ್ದಾನೆ. ತಂತಿಗೆಂದು ನೀನು ಕೊಟ್ಟ ಕುದುರೆ ಕೂದಲನ್ನು ಗಿರಾಕಿಯ ತಲೆ ಬಾಚಿದ ಬಾಚಣಿಗೆಯಲ್ಲೇ ಬಾಚಿ, ಮೂಸಿ ನೋಡಿದ.

"ಏನಪ್ಪಾ, ಹೆಣ್ಣು ಕುದುರೇದು ತಂದಿದೀಯಲ್ಲ? ಅದು ತನ್ನ ಬಾಲದ ಮೇಲೇ ಉಚ್ಚೆ ಹೊಯ್ಕೊಳ್ಳುತ್ತೆ. ಉಚ್ಚೆಗೆ ಕೂದಲು ಮೆತ್ತಗಾಗಿರುತ್ತೆ, ಇದು ಅರ್ಧ ಹಾಡಿಗೂ ಬರಲ್ಲ."

"ನಮ್ಮಕ್ಕ ಗಂಡು ಕುದುರೇದೇ ಅಂದಳು."

"ನಿಮ್ಮಕ್ಕನಿಗಿಂತ ನನ್ನ ಮೂಗು ಹಳೇದು."

ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಮೂರು ಹೊತ್ತೂ ಮೀನು, ನಾನು ರೊಟ್ಟಿ ಮೊಸರಲ್ಲೇ ಇದ್ದೇನೆ. ಭಾನುವಾರದವರೆಗೆ ತಂತಿ ಕಟ್ಟಬೇಡ ಎಂದು ಅವನಿಗೆ ಹೇಳಿದ್ದೇನೆ, ಅಷ್ಟರೊಳಗೆ ಬಸ್ಸಿನವನ ಕೈಲಿ ಹೇಳಿ ಕಳಿಸು. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಕ್ಕಾ, ಸಿಟ್ಟಾಗಬೇಡ, ನೀನು ಕೂದಲು ಕತ್ತರಿಸಲು ಲಾಯಕ್ಕೆ ಹೋದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಇನ್ನೊಮ್ಮೆ ಹೋಗಿ ನೋಡು, ಯಾವುದರ ಬಾಲ ಮೋಟಾಗಿದೆ?