ಕೆಂಪು ದಾರದ ಐದು ಸಾಲು

ಮಾರ್ಚ್ ೧೪, ಗುರುವಾರ

ಪ್ರೀತಿಯ ನಾದಿನಿಗೆ,

ನೀನು ಚೀಲ ಎತ್ತಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿ ಇಂದಿಗೆ ಆರು ದಿನ. ನಿಮ್ಮಣ್ಣ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಸೋಮವಾರದೊಳಗೆ ನೀನು ಬರದಿದ್ದರೆ ದೊಣ್ಣೆಮೆಣಸಿನಕಾಯಿಯ ಗಾಜಿನಮನೆಯನ್ನು ಬೇರೆಯವರಿಗೆ ವಹಿಸುವುದಾಗಿ ಮೇಲ್ವಿಚಾರಕರು ಹೇಳಿದ್ದಾರೆ. ಅದಕ್ಕೇ ಈ ಕಾಗದ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಿನ್ನನ್ನು ಕೆಲಸಕ್ಕೆ ಸೇರಿಸಿದವಳು ನಾನು. ಸಸ್ಯಹೇನು ಎಲೆಯ ಅಡಿಯಲ್ಲಿ ಕೂತಿರುತ್ತದೆ, ನಾವು ತಂದು ಬಿಡುವ ಸೊಳ್ಳೆಗಿಂತ ಚಿಕ್ಕ ಕಣಜ ಅದರೊಳಗೆ ಮೊಟ್ಟೆ ಇಡುತ್ತದೆ, ಆಮೇಲೆ ಹೇನು ಊದಿ ಸತ್ತು ಕಂದು ಸಿಪ್ಪೆಯಾಗುತ್ತದೆ ಎಂದು ತೋರಿಸಿಕೊಟ್ಟವಳೂ ನಾನೇ. ಹನ್ನೊಂದು ವರ್ಷ ಅಲ್ಲಿ ಎಲ್ಲರೂ ನನ್ನನ್ನು ‘ಕಣಜದಕ್ಕ’ ಎನ್ನುತ್ತಿದ್ದರು.

ನೀನು ಬಂದು, ಕೈಗಡಿಯಾರ ನೋಡುತ್ತಾ ಒಂದೊಂದೇ ಕಣಜದ ಹಿಂದೆ ಬಿದ್ದೆ. ಹೇನು ಸುರಿಸುವ ಸಿಹಿ ಅಂಟು ಬಿದ್ದ ಎಲೆಯ ಮೇಲೆ ಅದು ಮೀಸೆ ತಟ್ಟುತ್ತಾ, ಹೋದ ದಾರಿಗೇ ತಿರುಗಿ ತಿರುಗಿ ಹುಡುಕುತ್ತದೆ. ಎಲೆ ಚೊಕ್ಕವಾಗಿದ್ದರೆ ಅರೆನಿಮಿಷವೂ ನಿಲ್ಲದೆ ಹಾರುತ್ತದೆ ಎಂದು ನೀನು ಬರೆದಿಟ್ಟೆ. ‘ಅತ್ತಿಗೆ, ಕಣಜ ಬಿಡೋ ಮುಂಚೆ ಎಲೆ ಒರೆಸ್ಬೇಡಿ. ಅವಕ್ಕೆ ವಿಳಾಸನೇ ಅಳಿಸ್ದ ಹಾಗಾಗುತ್ತೆ’ ಅಂದೆ. ಆ ಅಂಟಿಗೆ ಕಪ್ಪು ಬೂಷ್ಟು ಹಿಡಿಯದಿರಲೆಂದು ಎಲೆ ಒರೆಸುವುದನ್ನು ಎಲ್ಲರಿಗೂ ಕಲಿಸಿದವಳು ನಾನು.

ಮಾರನೇ ವಾರ ಮೇಲ್ವಿಚಾರಕರು ಬಾಗಿಲಲ್ಲಿ ನಿಂತು ‘ಕಣಜದಕ್ಕ ಎಲ್ಲಿ?’ ಅಂದರು. ನಾನು ಕೈಗವಸು ತೆಗೆದು ಎದ್ದೆ. ‘ನೀವಲ್ಲಮ್ಮ, ಚಿಕ್ಕೋರು’ ಅಂದರು. ಪ್ಯಾಕಿಂಗಿನವರೆಲ್ಲ ನಕ್ಕರು. ನಾನೂ ನಕ್ಕೆ.

ನಿನ್ನ ಮಾತು ನಂಬಿ ಅವರು ಔಷಧಿ ಹೊಡೆಸಲಿಲ್ಲ. ಐದು ಸಾಲಿಗೆ ಕೆಂಪು ದಾರ ಕಟ್ಟಿ, ಅವನ್ನು ಒರೆಸದೆ ಕಣಜ ಬಿಡಲು ನಿನಗೆ ಒಪ್ಪಿಗೆ ಕೊಟ್ಟರು. ಎರಡು ವಾರ ಕಳೆದು ಎಣಿಸಿದರೆ ಆ ಸಾಲುಗಳಲ್ಲೂ ಕಂದು ಸಿಪ್ಪೆ ಬೆರಳೆಣಿಕೆಯಷ್ಟೇ, ಚಿಗುರೆಲ್ಲ ಮುರುಟಿತ್ತು. ‘ಗಡಿಯಾರ ನೋಡ್ಕೊಂಡು ಕೂತ್ರೆ ಬೆಳೆ ಉಳಿಯುತ್ತೇನಮ್ಮ?’ ಎಂದು ಎಲ್ಲರೆದುರು ಬೈದರು. ಆ ಸಂಜೆಯೇ ನೀನು ಚೀಲ ತುಂಬಿದೆ.

ನಿನ್ನದೇನೂ ತಪ್ಪಿಲ್ಲ. ಕಣಜ ಬಿಡುವ ಬೆಳಗ್ಗೆ ನಾನು ನಿನಗಿಂತ ಮುಂಚೆ ಬಂದಿದ್ದೆ. ಒದ್ದೆಬಟ್ಟೆ ಕೈಯಲ್ಲಿತ್ತು. ಹಳೇ ಅಭ್ಯಾಸ; ಉಳಿದವನ್ನು ಒರೆಸುತ್ತಾ ಗಮನವಿಲ್ಲದೆ ನಿನ್ನ ಸಾಲುಗಳನ್ನೂ ಒರೆಸಿಬಿಟ್ಟೆ. ಸೋಮವಾರ ನಾನೇ ಅವರಿಗೆ ಹೇಳುತ್ತೇನೆ. ನೀನು ಬಾ.

ಇಂತಿ,
ನಿನ್ನ ಅತ್ತಿಗೆ

ಮತ್ತೆ, ಶುಕ್ರವಾರ: ಅಂಚೆ ಡಬ್ಬಿಯವರೆಗೆ ಹೋಗಿ ಕಾಗದ ವಾಪಸು ತಂದೆ. ಗಮನವಿಲ್ಲದೆ ಎಂದು ಬರೆದದ್ದು ಸುಳ್ಳು. ಉಳಿದ ಸಾಲುಗಳನ್ನು ಹಿಂದಿನ ದಿನವೇ ಒರೆಸಿಯಾಗಿತ್ತು. ನಾನು ಬೇಗ ಬಂದದ್ದೇ ನಿನ್ನ ಐದು ಸಾಲಿಗಾಗಿ. ಅಡಿಯ ಹೇನು ಉದುರದ ಹಾಗೆ ಎಲೆಯ ಮೇಲ್ಭಾಗವನ್ನಷ್ಟೇ ಒರೆಸಿದೆ. ಒಂದೂ ಎಲೆ ಬಿಡಲಿಲ್ಲ. ಮಧ್ಯಾಹ್ನ ಮೇಲ್ವಿಚಾರಕರಿಗೆ ಇದನ್ನು ಇದ್ದ ಹಾಗೆ ಹೇಳಿದೆ. ಗಾಜಿನಮನೆ ನಿನಗೇ ಇದೆ. ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದಾರೆ. ಹೇಳಿದ ಮೇಲೆ ಹೊಟ್ಟೆಕಿಚ್ಚು ಆರುತ್ತದೆ ಅಂದುಕೊಂಡಿದ್ದೆ, ಆರಿಲ್ಲ. ಆದರೂ ಬಾ.