ಇರುವ ಮನೆಗೆ ಪಿತೃಪಕ್ಷ

ಸೆಪ್ಟೆಂಬರ್ 8, ಸೋಮವಾರ
ಮಗ ತೇಜಸನ ಡಬ್ಬಿಗೆ ಚಪಾತಿ ಸುತ್ತುತ್ತಿದ್ದಾಗ ಬಾಡಿಗೆ ಮನೆಯ ಏಜೆಂಟ್ ಮೆಲಿಸ್ಸಾಳ ಇಮೇಲ್. ಅಕ್ಟೋಬರ್ ಕೊನೆಗೆ ಲೀಸ್ ಮುಗಿಯುತ್ತದೆ, ಇನ್ನೊಂದು ವರ್ಷ ಬೇಕಿದ್ದರೆ ಬರುವ ಸೋಮವಾರದೊಳಗೆ ಸೈನ್ ಮಾಡಿ ಕಳಿಸಿ ಎಂದು. ಬೇಕಿದ್ದರೆ ಏನು, ಬೇಕೇ ಬೇಕು. ಈ ದೇಶದಲ್ಲಿ ಶಾಲೆ ಶುರುವಾಗುವ ಫೆಬ್ರವರಿಯಲ್ಲಿ ತೇಜಸ ಹೈಸ್ಕೂಲಿಗೆ. ವಿಲೆಟನ್ ಹೈಸ್ಕೂಲ್ ಸಿಗಬೇಕಾದರೆ ಮನೆ ಆ ಶಾಲೆಯ ಝೋನ್ ಒಳಗೇ ಇರಬೇಕು. ಅವನ ಗೆಳೆಯರೆಲ್ಲ ಅಲ್ಲಿಗೇ ಹೋಗುವುದು.
ಇಮೇಲ್ ರಮಾಕಾಂತ್‌ಗೆ ಫಾರ್ವರ್ಡ್ ಮಾಡಿದೆ. ಲೀಸ್ ಇರುವುದು ಯಜಮಾನರ ಹೆಸರಲ್ಲಿ.

ಸೆಪ್ಟೆಂಬರ್ 11
ಸೈನ್ ಆಯಿತಾ ಎಂದು ಕೇಳಿದೆ.
"ಪಿತೃಪಕ್ಷ ಕಣೇ. ಮನೆ ಕಾಗದಕ್ಕೆ ಈಗ ಸೈನ್ ಹಾಕೋದು ಬೇಡ. ಅಮಾವಾಸ್ಯೆ ಕಳೀಲಿ. ಅಮ್ಮಂಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ."
ನಕ್ಕುಬಿಟ್ಟೆ. ಸೇತುವೆ ಕಟ್ಟುವ ಎಂಜಿನಿಯರ್. ಆಫೀಸಿನವರ ಬಾರ್ಬಿಗೆ, ಮಾಂಸ ಸುಡುವ ಪಾರ್ಟಿಗೆ, ಹೋದರೆ ಏಕಾದಶಿಯೂ ಇಲ್ಲ, ಶನಿವಾರವೂ ಇಲ್ಲ. ಮಾಡೋದೆಲ್ಲಾ ಅನಾಚಾರ, ಮನೆ ಮುಂದೆ ಬೃಂದಾವನ.
"ಮೆಲಿಸ್ಸಾಗೆ ಹೇಳಿದೀರಾ?"
"ಏನಂತ ಹೇಳ್ಲಿ? ನಮ್ಮ ತಾತ ಮುತ್ತಾತಂದಿರು ಬಂದಿದಾರೆ ಅಂತನಾ? ನಾಲ್ಕು ವರ್ಷದಿಂದ ಇದೀವಿ. ಒಂದು ವಾರ ಲೇಟಾದ್ರೆ ಏನೂ ಆಗಲ್ಲ."
ಅದೂ ನಿಜ ಅನ್ನಿಸಿತು.

ಸೆಪ್ಟೆಂಬರ್ 17, ಬುಧವಾರ
ಆಯಿತು. ಮೆಲಿಸ್ಸಾಳ ಇಮೇಲ್: ಉತ್ತರ ಬಾರದ್ದರಿಂದ ಮನೆ ಬಿಡುತ್ತೀರಿ ಅಂದುಕೊಂಡೆ, ಓನರ್‌ಗೂ ಹೇಳಿದ್ದೇನೆ, ಶನಿವಾರ ಹೋಮ್ ಓಪನ್, ಬೇರೆಯವರು ಮನೆ ನೋಡಲು ಬರುತ್ತಾರೆ ಎಂದು. ರಮಾಕಾಂತ್ ಫೋನ್ ಮಾಡಿ ಬೇಡಿಕೊಂಡರು. ನೀವೂ ಅಪ್ಲೈ ಮಾಡಿ, ನೋ ವರೀಸ್ ಅಂದಳಂತೆ. ವರಿ ಅವಳಿಗಿಲ್ಲ, ಸರಿ.
ಆಮೇಲೆ ಸಮಾಧಾನಕ್ಕೆ ಮೈಸೂರಿಗೆ ಫೋನ್. ಸ್ಪೀಕರ್‌ನಲ್ಲಿ ಅತ್ತೆ.
"ಅಯ್ಯೋ, ಅದು ಹೊಸ ಮನೆಗೆ ಹೋಗೋರಿಗೆ ಕಣೋ. ಇರೋ ಮನೇಲಿ ಇರೋಕೆ ಯಾವ ಪಕ್ಷನೋ? ಈ ಹದಿನೈದು ದಿನ ಬಾಡಿಗೆ ಕೊಡೋದೂ ನಿಲ್ಲಿಸಿದ್ಯಾ?"
ರಮಾಕಾಂತ್ ಸ್ಪೀಕರ್ ಆಫ್ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಅತ್ತೆಯ ಮೇಲಲ್ಲ. ಅವರನ್ನು ಒಂದು ಮಾತೂ ಕೇಳದೆ ಅವರ ಹೆಸರು ಹೇಳಿದ ಮಗನ ಮೇಲೆ.
ಅಪ್ಲಿಕೇಶನ್ ಹಾಕಿದೆವು. ನಮ್ಮ ಮನೆಗೆ ನಾವೇ.

ಸೆಪ್ಟೆಂಬರ್ 20, ಶನಿವಾರ
ತೇಜಸನಿಗೆ ಇನ್‌ಸ್ಪೆಕ್ಷನ್ ಅಂತ, ಏಜೆಂಟ್ ಮಾಮೂಲಿಯಾಗಿ ಬರುತ್ತಾಳೆ ಅಂತಷ್ಟೇ ಹೇಳಿ ಕ್ರಿಕೆಟ್‌ಗೆ ಕಳಿಸಿದೆ. ಜನ ಶೂ ಹಾಕಿಕೊಂಡೇ ಬಂದು ಬೀರು ತೆಗೆದು ನೋಡಿದರು. ಒಬ್ಬಳು ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ದೇವರ ಮುಂದೆ ಒಂದು ಕ್ಷಣ ನಿಂತಳು. ಹೆಸರು ಬನಶಂಕರಿ ಅಂತೆ, ಬಂದದ್ದು ದೂರದ ಬಡಾವಣೆ ಪಿಯಾರಾ ವಾಟರ್ಸ್‌ನಿಂದ.
"ಇಷ್ಟು ಒಳ್ಳೇ ಮನೆ ಯಾಕ್ರೀ ಬಿಡ್ತಿದೀರಾ?"
ಬಾತ್‌ರೂಮಲ್ಲಿ ತೇವ, ಪಕ್ಕದ ಮನೆಯ ನಾಯಿ—ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.
"ಬಿಡ್ತಿಲ್ಲ. ನಾವೂ ಅಪ್ಲೈ ಮಾಡಿದೀವಿ."
ಅವಳ ಮುಖ ಇಳಿಯಿತು. ಮಗಳು ತೇಜಸನ ವಯಸ್ಸಿನವಳೇ, ಅದೇ ಶಾಲೆಗಾಗಿ ಹುಡುಕುತ್ತಿದ್ದಾಳೆ. ಇನ್ನೇನು ಮಾಡಲಿ, ಕಾಫಿ ಕೊಟ್ಟೆ. ಹೋಗುವಾಗ ನಂಬರ್ ಕೇಳಿದಳು.

ಸೆಪ್ಟೆಂಬರ್ 21
ಬನಶಂಕರಿಯ ಫೋನ್.
"ನಾವೂ ಅಪ್ಲೈ ಮಾಡ್ತಿದೀವಿ ರೀ. ನಿಮ್ಮ ಕಾಫಿ ಕುಡಿದು, ನಿಮಗೆ ಹೇಳ್ದೆ ಹಾಕೋಕೆ ಮನಸ್ಸು ಒಪ್ಪಲಿಲ್ಲ."
"ಆಯ್ತು ಬಿಡಿ" ಅಂದೆ. ಫೋನಿಟ್ಟು ಅವಳನ್ನು ಬೈದುಕೊಂಡೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಫೋನೂ ಮಾಡುತ್ತಿರಲಿಲ್ಲ.

ಸೆಪ್ಟೆಂಬರ್ 25
ಮನೆ ಬನಶಂಕರಿಯವರಿಗೇ ಸಿಕ್ಕಿತು.

ಅಕ್ಟೋಬರ್ 9, ಗುರುವಾರ, ಸಂಜೆ
ಝೋನ್ ಒಳಗೆ ಎಲ್ಲೂ ಮನೆ ಸಿಗಲಿಲ್ಲ. ದೂರದಲ್ಲಿ ಒಂದು ಸಿಕ್ಕಿದೆ. ಈ ಸಲ ಪಂಚಾಂಗ ನೋಡಲಿಲ್ಲ ಇವರು. ಪೆಟ್ರೋಲ್ ಬಂಕ್ ಪಕ್ಕ ಕಾರು ನಿಲ್ಲಿಸಿ ಫೋನಿನಲ್ಲೇ ಸೈನ್ ಹಾಕಿದರು. ಆಮೇಲೆ ಎಷ್ಟೋ ಹೊತ್ತು ಕಾರು ಸ್ಟಾರ್ಟ್ ಮಾಡಲಿಲ್ಲ. ಬೈಯಬೇಕೆಂದಿದ್ದೆ, ಆಗಲಿಲ್ಲ.
ಮಧ್ಯಾಹ್ನ ಬನಶಂಕರಿ ಫೋನ್ ಮಾಡಿದ್ದಳು. ಕಾರ್ತಿಕದಲ್ಲಿ ಹಾಲು ಉಕ್ಕಿಸುತ್ತಾರಂತೆ.
"ನೀವು ಬಾಳಿದ ಮನೆ ಅದು. ನೀವೂ ಬರಬೇಕು, ಮಗನ್ನೂ ಕರ್ಕೊಂಡು ಬನ್ನಿ."
ಬರ್ತೀವಿ ಅಂದುಬಿಟ್ಟೆ. ಮಗನಿಗೆ ಮನೆಯೂ ಆ ಶಾಲೆಯೂ ಕೈತಪ್ಪಿದ್ದೇ ಗೊತ್ತಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಇಷ್ಟು ದಿನ.
ಈಗ ಬಂದ.
"ಮಮ್, ವಾಟ್ ಆರ್ ದೀಸ್ ಬಾಕ್ಸಸ್ ಫಾರ್?"
ಅಪ್ಪ ಬರಲಿ ಅಂದೆ. ಹೋಗಲಿಲ್ಲ. ಪಕ್ಕದಲ್ಲೇ ನಿಂತು ನಾನು ಬರೆಯುವುದನ್ನು ನೋಡುತ್ತಿದ್ದಾನೆ. ಕನ್ನಡ ಓದಲು ಬಾರದು ಅವನಿಗೆ. ಬಾಯಿಬಿಟ್ಟೇ ಹೇಳಬೇಕು, ನಾನೇ—